ಅತ್ತಿಗೆ ಓದದೆ ಬಿಟ್ಟ ಪದ

ನಮ್ಮ ಅತ್ತಿಗೆಯ ಕೆಲಸ ಗಟ್ಟಿಯಾಗಿ ಓದುವುದು. ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ, ಎಂದರೆ ಪುಸ್ತಕ ಅಚ್ಚು ಹಾಕಿಸುವ ವಿಭಾಗದಲ್ಲಿ, ಅವರು ಹಸ್ತಪ್ರತಿ ಹಿಡಿದು ಓದುತ್ತಾ ಹೋಗಬೇಕು. ಎದುರಿಗೆ ಕೂತ ಕರಡು ತಿದ್ದುವವರು ಅಚ್ಚಾಗಿ ಬಂದ ಹಾಳೆಯ ಮೇಲೆ ಕಣ್ಣಿಟ್ಟಿರಬೇಕು. ಕಿವಿಗೆ ಬಿದ್ದದ್ದು ಹಾಳೆಯಲ್ಲಿ ಇಲ್ಲದಿದ್ದರೆ ಬರೆದು ಸೇರಿಸಬೇಕು. ಅಲ್ಪವಿರಾಮ, ಪೂರ್ಣವಿರಾಮವನ್ನೂ ಬಾಯಿಬಿಟ್ಟೇ ಹೇಳಬೇಕು. ಕಿಟಕಿಗೆ ಅಡ್ಡವಾಗಿ ಪುಸ್ತಕದ ಕಟ್ಟುಗಳು, ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು. ನಮ್ಮ ಸೀಮೆಯ ಹಾಡು, ಕುಣಿತ, ಹಳೆಯ ಕೋಟೆಗಳ ಚರಿತ್ರೆ ಎಲ್ಲವೂ ಅವರ ಗಂಟಲು ದಾಟಿಯೇ ಪುಸ್ತಕವಾದವು.

ಮನೆಗೆ ಬಂದರೂ ಆ ಚಾಳಿ ಬಿಡದು. ಉಪ್ಪು ಮುಗಿದಿದೆ, ಅಲ್ಪವಿರಾಮ, ಸೋಪೂ ಮುಗಿದಿದೆ, ಪೂರ್ಣವಿರಾಮ ಎನ್ನುವರು. ನಮ್ಮಣ್ಣ ಬೀದಿಯಲ್ಲಿ ಗೊಂಬೆ ಆಡಿಸುವವನು, ಮಾತಿನ ಮಲ್ಲ. "ನಿಮ್ಮತ್ತಿಗೆ ಜಗಳಕ್ಕೆ ನಿಂತ್ರೆ ಬರೀ ಅಲ್ಪವಿರಾಮಾನೇ ಕಣೇ. ಪೂರ್ಣವಿರಾಮ ಬರೋ ಹೊತ್ತಿಗೆ ನನ್ನ ಗೊಂಬೆಗಳೂ ನಿದ್ದೆ ಹೋಗಿರ್ತವೆ" ಎಂದು ನನ್ನ ಹತ್ತಿರ ದೂರು ಹೇಳುವನು. ಅತ್ತಿಗೆ ಕೇಳಿಯೂ ಕೇಳದ ಹಾಗೆ ನಗುವರು.

ಬೀದಿಯ ಕಲಾವಿದರ ಮೇಲೆ ಪ್ರಸಾರಾಂಗದವರು ದೊಡ್ಡ ಪುಸ್ತಕವೊಂದನ್ನು ತರಲು ಹೊರಟರು. ಅದರಲ್ಲಿ ಅಣ್ಣನದೂ ಒಂದು ಅಧ್ಯಾಯ. ಪುಸ್ತಕದ್ದು ಆಮೆ ನಡಿಗೆ. ಅಣ್ಣನ ಎದೆನೋವಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಅವನು ಹೋದ ಮೇಲೆ ಸಂಪಾದಕರು ಹಸ್ತಪ್ರತಿಯಲ್ಲಿ ಅವನ ಹೆಸರಿಗೆ ಮೊದಲು 'ದಿವಂಗತ' ಎಂದು ಕೆಂಪು ಶಾಯಿಯಲ್ಲಿ ಸೇರಿಸಿದರು. ಆಗಲೇ ಅಚ್ಚಾಗಿದ್ದ ಕರಡಿನಲ್ಲಿ ಅದಿರಲಿಲ್ಲ. ಅತ್ತಿಗೆ ಓದಿದರೆ ತಾನೇ ತಿದ್ದುವವರು ಸೇರಿಸುವುದು? ಆ ಜಾಗಕ್ಕೆ ಬಂದು ನಿಂತರಂತೆ, ನೀರು ಕುಡಿದರಂತೆ, ಮತ್ತೆ ಬರೀ ಹೆಸರನ್ನೇ ಓದಿದರಂತೆ. ತಿದ್ದುವವರು ಅಣ್ಣನ ಚಟ್ಟಕ್ಕೆ ಹೆಗಲು ಕೊಟ್ಟವರೇ. ಪೆನ್ಸಿಲು ಎತ್ತಿ ಹಿಡಿದು, ಹ್ಞೂಂ, ಮುಂದೆ ಓದಮ್ಮ ಎಂದರಂತೆ, ಅಷ್ಟೇ.

"ನಾಲಿಗೆ ಏಳಲಿಲ್ಲ ಕಣೇ" ಎಂದು ಸಂಜೆ ನನಗೆ ಹೇಳಿದರು.

ಪುಸ್ತಕ ಬಂತು. ಅದರಲ್ಲಿ ಅಣ್ಣ ಬದುಕಿದ್ದ. ಈಗಲೂ ಗೊಂಬೆ ಆಡಿಸುತ್ತಿದ್ದ. ಅತ್ತಿಗೆ ಆ ಪುಟ ತೆರೆದು ಎದುರಿಗಿಟ್ಟುಕೊಂಡೇ ಊಟ ಮಾಡುವರು.

ಒಂದು ಮಧ್ಯಾಹ್ನ ದೂರದೂರಿನ ಟೀಚರಮ್ಮ ಒಬ್ಬರು ಅದೇ ಪುಸ್ತಕ ಹಿಡಿದು ಬಂದರು. ಕಿವಿ ಕೇಳದ ಮಕ್ಕಳ ಶಾಲೆಯವರು. ಗೊಂಬೆಯಾದರೆ ಆ ಮಕ್ಕಳೂ ನೋಡಿ ನಕ್ಕಾವು ಎಂಬ ಆಸೆ ಆಕೆಗೆ. ಯಜಮಾನರು ಇದ್ದಾರಾ ಎಂದು ಕೇಳಿದರು.

"ಇಲ್ಲ" ಎಂದರು ಅತ್ತಿಗೆ.

"ಎಷ್ಟೊತ್ತಿಗೆ ಬರ್ತಾರೆ? ಪರವಾಗಿಲ್ಲ, ಕಾಯ್ತೀನಿ."

ಅತ್ತಿಗೆ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಕೆ ನಿಜಕ್ಕೂ ಕಾಯುತ್ತಾ ಕೂತರು. ಮಕ್ಕಳಿಗೆ ಆಗಲೇ ತಿಳಿಸಿಬಿಟ್ಟಿದ್ದೇನೆ, ಬೆಂಚು ಜೋಡಿಸಿಟ್ಟಿದ್ದಾರೆ ಎಂದರು. ಬಾಗಿಲಲ್ಲಿ ನೆರಳಾಡಿದಾಗಲೆಲ್ಲ ಕತ್ತು ತಿರುಗಿಸಿ ನೋಡುವರು. ಅತ್ತಿಗೆಗೆ ಅದನ್ನು ನೋಡಲಾಗಲಿಲ್ಲ.

"ಅವರು ತೀರಿಕೊಂಡ್ರಮ್ಮ. ಪುಸ್ತಕದಲ್ಲಿ ತಪ್ಪಿದೆ. ನಾನೇ ಓದಲಿಲ್ಲ."

ಅಣ್ಣ ಹೋದ ಮೇಲೆ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಟೀಚರಮ್ಮ ಪುಸ್ತಕ ಮುಚ್ಚಿದರು. ಆ ಮಕ್ಕಳಿಗೆ ಏನು ಹೇಳಿದರೋ.

ಅತ್ತಿಗೆ ಸಂಪಾದಕರ ಮುಂದೆ ನಿಂತು ನಡೆದದ್ದನ್ನು ಹೇಳಿ, ತಿದ್ದುಪಡಿ ಚೀಟಿ ಅಚ್ಚು ಹಾಕಿಸಿದರು. ಅಂಟಿಸುವ ಕೆಲಸವನ್ನು ಬೇರೆ ಯಾರ ಕೈಗೂ ಬಿಡಲಿಲ್ಲ. ಗೋದಾಮಿನ ನೆಲದ ಮೇಲೆ ಕೂತು, ಒಂದೊಂದೇ ಪುಸ್ತಕ ಬಿಡಿಸಿ, ಅಣ್ಣನ ಪುಟಕ್ಕೆ ಅಂಟಿಸುತ್ತಾ ಹೋದರು. ನಾನು ಗೋಂದು ಹಚ್ಚಿ ಕೊಡುತ್ತಿದ್ದೆ. ಪ್ರತಿ ಚೀಟಿಯ ಮೇಲಿನ ಪದವನ್ನೂ ಗಟ್ಟಿಯಾಗಿ ಓದಿಯೇ ಅಂಟಿಸುವರು. ಮೊದಮೊದಲು ದನಿ ಒಡೆಯುತ್ತಿತ್ತು. ಸಂಜೆಯಾಗುವ ಹೊತ್ತಿಗೆ, ಬೇರೆ ಯಾವುದೋ ಪದವನ್ನು ಓದುವ ಹಾಗೆ ಓದತೊಡಗಿದರು.

ಒಡೆದ ದನಿಯನ್ನು ಹೇಗೋ ಕೇಳಿಸಿಕೊಂಡಿದ್ದೆ. ನನಗೆ ಕೇಳಲಾಗದೆ ಹೋದದ್ದು ಇದು.