ಒಂದು ಗೇಣು ಗಿಡ್ಡ

ಭಾನುವಾರ ಬಂತೆಂದರೆ ಡ್ರಾಯಿಂಗ್ ಮೇಷ್ಟ್ರು ಜೇಬಿಗೆ ಅಳತೆ ಟೇಪು ತುರುಕಿಕೊಂಡು ಮಾರಾಟದ ಮನೆ ನೋಡಲು ಹೊರಡುತ್ತಾರೆ. ಒಂದು ಮನೆ ಕೊಂಡು ಬಾಡಿಗೆಗೆ ಬಿಡಬೇಕೆನ್ನುವುದು ಅವರಿಗೆ ಹೊಸದಾಗಿ ಹತ್ತಿದ ಹುಚ್ಚು. “ಇದು ಬಂಡವಾಳ ಕಣ್ರೀ, ಮನಸ್ಸಿಡಬಾರದು” ಎಂದು ಬ್ರೋಕರಿಗೇ ಪಾಠ ಹೇಳುತ್ತಾರೆ. ಗೋಡೆ ಕುಟ್ಟುತ್ತಾರೆ, ನಲ್ಲಿಗಳನ್ನೆಲ್ಲ ತಿರುಗಿಸುತ್ತಾರೆ, ಪತ್ರಗಳನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಮೂವತ್ತೊಂದು ಮನೆ ನೋಡಿದ್ದಾಯಿತು, ಒಂದೂ ಒಪ್ಪಿಗೆಯಾಗಿಲ್ಲ; ಅವರ ತಲೆ ಕಂಡರೆ ಬ್ರೋಕರುಗಳು ಗಲ್ಲಿ ಬದಲಿಸುತ್ತಾರೆ. ಎಲ್ಲ ಸರಿಯಿದ್ದರೂ ಕೊನೆಗೆ ಅಡುಗೆಮನೆಯಲ್ಲಿ ಮೊಣಕಾಲು ಬಗ್ಗಿಸಿ, ಒಂದು ಗೇಣು ಗಿಡ್ಡವಾಗಿ, ಮೇಲಿನ ಕಲ್ಲಿನ ಶೆಲ್ಫಿಗೆ ಕೈ ಚಾಚುತ್ತಾರೆ. ಎಟುಕದಿದ್ದರೆ ಬೇಡವೆಂದು ತಲೆಯಾಡಿಸುತ್ತಾರೆ. “ಇಲ್ಲಿ ನೀವೇನು ಇರ್ತೀರಾ ಸಾರ್?” ಎಂದು ಒಬ್ಬ ಬ್ರೋಕರ್ ರೇಗಿದ. “ನಾನಿರಲ್ಲಪ್ಪ. ಆದ್ರೆ ನಮ್ಮನೆಯವಳು ಇಪ್ಪತ್ತು ವರ್ಷದಿಂದ ಬಾಡಿಗೆ ಮನೇಲಿ ಸ್ಟೂಲ್ ಹತ್ತಿ ಡಬ್ಬಿ ಇಳಿಸ್ತಿದ್ದಾಳೆ. ಯಾವ ಓನರೂ ಒಂದ್ಸಲ ಹೀಗೆ ಮೊಣಕಾಲು ಬಗ್ಗಿಸಿ ನೋಡ್ಲಿಲ್ಲ.”