ಶ್ರೀನಿವಾಸಪುರದ ಬ್ರಿಟಲ್ ಸ್ಟಾರ್

ಆ ಒಂದು ಬ್ರಿಟಲ್ ಸ್ಟಾರ್‌ಗಾಗಿ ನಾನು ಕಳೆದುಕೊಂಡದ್ದು ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಕಡಲಪ್ರಾಣಿಯ ಬಿರುಕಿಲ್ಲದ ಒಂದು ಚಿಪ್ಪು, ಅದರ ಜೊತೆಗೆ ಮಾಲೂರಿನ ಒಬ್ಬ ಗಿರಾಕಿ. ದುಡ್ಡು ಕೇಳಲಿಲ್ಲ. ಕೇಳಿದ್ದರೆ ಅದು ಕಾಲೇಜಿನಿಂದ ಬರುತ್ತಿರಲಿಲ್ಲ, ಗೆಸ್ಟ್ ಲೆಕ್ಚರರ್ ಶಬಾನಾ ಮೇಡಂ ಪರ್ಸಿನಿಂದ ಬರಬೇಕಿತ್ತು.

ಕೋಲಾರದ ಸುತ್ತಮುತ್ತಲಿನ ಕಾಲೇಜು ಲ್ಯಾಬ್‌ಗಳಿಗೆ ಜಾಡಿಯಲ್ಲಿಟ್ಟ ಪ್ರಾಣಿಗಳ ಸ್ಪೆಸಿಮನ್ ಒದಗಿಸುವುದು ನನ್ನ ಕಸುಬು. ಬಸ್ಸಿನಲ್ಲಿ ಜಾಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲೆದು ಸೊಂಟ ಸೋತಿದೆ. ಕೆಲವು ವರ್ಷಗಳ ಹಿಂದೆ, ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ, ಶ್ರೀನಿವಾಸಪುರದಿಂದ ಮೇಡಂ ಫೋನ್ ಬಂತು. ಮಾಲೂರಿಗೆ ಹೊರಟಿದ್ದವನು ಅಲ್ಲಿಗೆ ಹೋದೆ.

ಬ್ರಿಟಲ್ ಸ್ಟಾರ್ ಎಂದರೆ ನಕ್ಷತ್ರ ಮೀನಿನ ದಾಯಾದಿ. ನಡುವೆ ಬಿಲ್ಲೆ, ಸುತ್ತ ಹಾವಿನ ಬಾಲದಂಥ ಐದು ಕೈ. ಮೇಡಂ ಲ್ಯಾಬಿನ ಜಾಡಿಯಲ್ಲಿ ಬಿಲ್ಲೆ ಮಾತ್ರ ಉಳಿದಿತ್ತು, ಕೈಗಳು ಚೂರಾಗಿ ತಳ ಸೇರಿದ್ದವು. ಸ್ಪಿರಿಟ್ ಇರಬೇಕಾದಲ್ಲಿ ನಾರುವ ನೀರು. ಉಳಿದ ಜಾಡಿಗಳ ಪ್ರಾಣಿಗಳು ಸ್ಪಿರಿಟ್ಟಿನ ಬದಲು ಫಾರ್ಮಲಿನ್‌ನಲ್ಲಿದ್ದು ಬಚಾವಾಗಿದ್ದವು.

ಅಟೆಂಡರ್ ಮುನಿವೆಂಕಟಪ್ಪ ತಲೆ ಕೆರೆದುಕೊಂಡ. "ಆಯುಧಪೂಜೆಗೆ ಕರ್ಪೂರ ಹಚ್ಬೇಕಿತ್ತಲ್ಲಣ್ಣ. ಸ್ಪಿರಿಟ್ಟಿಗೆ ಬೆಂಕಿ ಹತ್ಕೊಂಡ್ರೆ? ಚೆಲ್ಲಿ ನೀರು ತುಂಬಿಸ್ದೆ. ಆಮೇಲೆ ಮರ್ತೋಯ್ತು."

"ಪೂಜೆ ಮಾಡಿ ಸಾಯಿಸ್ಬಿಟ್ಟಲ್ಲೋ!" ಎಂದೆ.

"ಅದು ಮೊದ್ಲೇ ಸತ್ತಿತ್ತಲ್ಲಣ್ಣ!"

ಮೇಡಂ ನಗಲಿಲ್ಲ. "ಅಣ್ಣಾ, ಲ್ಯಾಬ್ ಚಾರ್ಜ್ ನನ್ ಹೆಸರಲ್ಲಿದೆ. ನಾಳೆ ಎಕ್ಸಾಮಿನರ್ ಕೇಳಿದ್ರೆ ಮುಂದಿನ ವರ್ಷ ನನ್ನ ತಗೊಳ್ಳಲ್ಲ."

ಹೊಸದು ತರಿಸಲು ಹೊತ್ತಿರಲಿಲ್ಲ. ಮುಳಬಾಗಿಲಿನ ಕಾಲೇಜಿಗೆ ಹಿಂದೆ ನಾನೇ ಎರಡು ಕೊಟ್ಟಿದ್ದೆ. ಬಸ್ಸು ಹತ್ತಿದೆ. ಅಲ್ಲಿನ ಲೆಕ್ಚರರ್ ನಾರಾಯಣರೆಡ್ಡಿ ಕೈಕಟ್ಟಿ ಕುಳಿತರು.

"ಏಮಯ್ಯಾ, ಮಾರಿದ್ದನ್ನೇ ವಾಪಸ್ ಕೇಳ್ತೀಯಾ?"

"ಒಂದು ದಿನದ ಮಟ್ಟಿಗೆ ಸಾರ್."

"ಕೈ ಮುರ್ಕೊಂಡು ಬಂದ್ರೆ? ಆ ಬ್ಯಾಗಲ್ಲಿರೋದು ಏನು, ತೋರ್ಸು."

ಬ್ಯಾಗಿನಲ್ಲಿದ್ದದ್ದು ಮಾಲೂರಿಗೆ ಒಯ್ಯಬೇಕಿದ್ದ ಅರ್ಚಿನ್ ಚಿಪ್ಪು. ಅದನ್ನು ಕೊಟ್ಟರೆ ಬದಲಿಗೆ ಒಂದು ಬ್ರಿಟಲ್ ಸ್ಟಾರ್ ಕೊಡುವುದಾಗಿ ರೆಡ್ಡಿ ಹೇಳಿದರು. ಕಸುಬಿಗೆ ಇಳಿದ ಮೇಲೆ ಚೌಕಾಸಿ ಮಾಡದೆ ಕೊಟ್ಟದ್ದು ಆ ಚಿಪ್ಪೊಂದೇ.

ಮಾರನೆಯ ದಿನ ಐದೂ ಕೈಗಳಿದ್ದ ಬ್ರಿಟಲ್ ಸ್ಟಾರ್ ಮೇಜಿನ ಮೇಲಿತ್ತು. ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಮಾಲೂರಿನವರು ಬೇರೆ ಕಡೆ ಕೊಂಡರು. ಮೇಡಂ ಉಳಿದರು: ಅದೇ ಸಂಬಳಕ್ಕೆ, ಮತ್ತೆ ಒಂದೇ ವರ್ಷದ ಮಟ್ಟಿಗೆ.

ನೀವು ಲ್ಯಾಬ್ ವಹಿಸಿಕೊಳ್ಳುವವರಾದರೆ ನನ್ನ ಮಾತು ಕೇಳಿ. ಚಾರ್ಜ್ ತೆಗೆದುಕೊಳ್ಳುವ ದಿನವೇ ಪ್ರತಿ ಜಾಡಿಯನ್ನೂ ಹಳಬರ ಎದುರು ತೆರೆಸಿ. ಹಬ್ಬದ ಮಾರನೆಯ ದಿನ ಮತ್ತೊಮ್ಮೆ ತೆರೆಸಿ. ಸ್ಪಿರಿಟ್ ಇರಬೇಕಾದ ಜಾಡಿಯಿಂದ ಅದರ ವಾಸನೆ ಬರದಿದ್ದರೆ ಮುಲಾಜಿಲ್ಲದೆ ಅಲ್ಲೇ ಹೇಳಿಬಿಡಿ. ಆ ದಿನ ಅದು ಕಾಲೇಜಿನ ತಪ್ಪು. ಪರೀಕ್ಷೆ ಹತ್ತಿರ ಬಂದಾಗ ನಿಮ್ಮೊಬ್ಬರದೇ ಆಗಿರುತ್ತದೆ.