ದೊಡ್ಡವ್ವ ಸೈಕಲ್ಲಿನಿಂದ ಬಿದ್ದ ಬೆಳಿಗ್ಗೆ

ಮೊನ್ನೆ ಮಗಳ ತಲೆಗೆ ಹಚ್ಚಲು ಹರಳೆಣ್ಣೆ ಬೆಚ್ಚಗೆ ಮಾಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರಿನ ಎದುರುಮನೆ ದೊಡ್ಡವ್ವ ನೆನಪಾದಳು. ಅವಳಿಗೆ ಎಲ್ಲದಕ್ಕೂ ಹರಳೆಣ್ಣೆಯೇ ಮದ್ದು. ಕಣ್ಣುರಿಗೆ, ಹಸುವಿನ ಕೆಚ್ಚಲಿಗೆ, ಕಿರುಗುಟ್ಟುವ ಬಾಗಿಲಿಗೆ... ಕೊನೆಗೆ ನನ್ನ ಸೈಕಲ್ ಚೈನಿಗೂ.

ಮಗಳಿಗೆ ಹದಿನೈದು. ಶಾಲೆಯಲ್ಲಿ ಭಾಷಣ ಮಾಡಬೇಕು. ಬರೆದಿಟ್ಟು ವಾರವಾಯಿತು, ಒಮ್ಮೆಯೂ ಬಾಯಿಬಿಟ್ಟು ಹೇಳಿ ನೋಡಿಲ್ಲ. ಬದಲಿಗೆ ಮೇಜು ಒರೆಸಿದ್ದಾಳೆ, ಬೀರು ಜೋಡಿಸಿದ್ದಾಳೆ, ನಾನು ಕೇಳದೆಯೇ ಸೊಪ್ಪು ಬಿಡಿಸಿಕೊಟ್ಟಿದ್ದಾಳೆ. ಸೋಮಾರಿ ಎಂದು ಗದರಲು ಹೊರಟವಳು ಸುಮ್ಮನಾದೆ. ಸೋಮಾರಿಗಳು ಸೊಪ್ಪು ಬಿಡಿಸುವುದಿಲ್ಲ.

ಆ ವಯಸ್ಸಿನಲ್ಲಿ ನಾನು ಇವಳಿಗಿಂತ ಒಂದು ಕೈ ಮೇಲು. ನಮ್ಮದು ತಿ. ನರಸೀಪುರದ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಕಾಲೇಜು ನರಸೀಪುರದಲ್ಲಿತ್ತು. ಆದರೆ ನಮ್ಮೂರಿನ ಒಂದೇ ಬಸ್ಸು ಬರುತ್ತಿದ್ದದ್ದು ಮೊದಲ ಪೀರಿಯಡ್ಡು ಮುಗಿಯುವ ಹೊತ್ತಿಗೆ. ಅಪ್ಪ ನಂಜನಗೂಡಿನಿಂದ ಹಳೆಯ ಲೇಡೀಸ್ ಸೈಕಲ್ಲೊಂದನ್ನು ತಂದು ಜಗಲಿಗೆ ಒರಗಿಸಿದರು. “ಕಾಲೇಜು ಸುರುವಾಗೋದ್ರೊಳ್ಗೆ ಕಲ್ತ್ರೆ ಓಗು. ಇಲ್ದಿದ್ರೆ ಮನೇಲಿರು,” ಎಂದರು. ಅಪ್ಪನದು ಒಂದೇ ಮಾತು.

ನನಗೆ ಕಾಲೇಜು ಬೇಕೇ ಬೇಕಿತ್ತು. ಆದರೂ ದಿನಕ್ಕೊಂದು ನೆಪ ಹುಟ್ಟುತ್ತಿತ್ತು. ಬಿಸಿಲು, ಟೈರಿಗೆ ಗಾಳಿ ಕಮ್ಮಿ, ನಾಳೆ ಅಮಾವಾಸ್ಯೆ... ಸೈಕಲ್ಲನ್ನು ಫಳಫಳ ಒರೆಸುತ್ತಿದ್ದೆ, ಹತ್ತುತ್ತಿರಲಿಲ್ಲ. ದೆವ್ವ ಒಳಗೆ ಬರದಿರಲೆಂದು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲ ಅದು. “ನಮ್ಮನೇಗೆ ಬರೆಯೋದೇ ಬ್ಯಾಡ, ಇವ್ಳೇ ದಿನಾ ಆ ಸೈಕಲ್ಗೆ ನಾಳೆ ಬಾ ಅಂತಾವ್ಳೆ,” ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು.

ಒಂದು ಸಂಜೆ ದೊಡ್ಡವ್ವ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಬರುತ್ತಿದ್ದಳು. “ಯಾಕವ್ವ, ಇನ್ನೂ ಮುಟ್ನಿಲ್ವ ಅದ್ನ?” ಎಂದಳು. ಸೀಟು ಎತ್ತರ ಎಂದೆ. ಅವಳು ಸೀಟನ್ನು ನೋಡಿದಳು. ಆಮೇಲೆ ಬೀದಿ ಕೊನೆಯ ಅರಳಿಕಟ್ಟೆಯನ್ನು, ಅಲ್ಲಿ ಸಾಲಾಗಿ ಕೂತಿದ್ದ ನನ್ನ ಕ್ಲಾಸಿನ ಹುಡುಗರನ್ನು ನೋಡಿದಳು. ಕ್ಯಾನು ಬೀಸುತ್ತಾ ಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಡೈರಿ ಮುಂದೆ ಅರ್ಧ ಊರೇ ಕ್ಯಾನು ಹಿಡಿದು ನಿಂತಿತ್ತು. ದೊಡ್ಡವ್ವ ನಮ್ಮ ಜಗಲಿಗೆ ಬಂದು, ಚೈನಿಗೆ ಹರಳೆಣ್ಣೆ ಬಿಟ್ಟು, ಸೀರೆ ಎತ್ತಿ ಕಟ್ಟಿ, ನಾನು ಬಾಯಿ ತೆರೆಯುವುದರೊಳಗೆ ಜಗಲಿಯಿಂದಲೇ ಸೀಟಿಗೆ ಏರಿದಳು. ಬೀದಿ ಇಳಿಜಾರು. ಸೈಕಲ್ಲು ಹಾವಿನಂತೆ ಹೊರಳುತ್ತಾ ಕ್ಯೂ ದಾಟಿತು, ಅರಳಿಕಟ್ಟೆ ದಾಟಿತು, ನೆಟ್ಟಗೆ ಹೋಗಿ ತಿಪ್ಪೆಗೆ ನುಗ್ಗಿತು. ಊರಿಗೆ ಊರೇ ನಕ್ಕಿತು. ತಿಪ್ಪೆಯಲ್ಲಿ ಕೂತ ದೊಡ್ಡವ್ವ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಎಬ್ಬಿಸಿ ಕರೆತಂದೆ. ತರಚಿದ ಮೊಣಕಾಲಿಗೂ ಅದೇ ಎಣ್ಣೆ ಸವರಿಕೊಳ್ಳುತ್ತಾ ಹೇಳಿದಳು: “ಇನ್ನ ದೀಪಾವಳಿಗಂಟ ಊರೋರ ಬಾಯ್ಗೆಲ್ಲ ನಾನೇ. ನೀನ್ ಬಿದ್ರೆ ಯಾರೂ ನೋಡಾಕಿಲ್ಲ. ಓಗು.”

ನಿಜವಾಗಿಯೂ ಯಾರೂ ನೋಡಲಿಲ್ಲ. ನಾನು ನಾಲೆ ಏರಿಯ ಮೇಲೆ ಬಿದ್ದೆ, ಅರಳಿಕಟ್ಟೆಯ ಎದುರಿಗೇ ಬಿದ್ದೆ. ಹುಡುಗರು ದೊಡ್ಡವ್ವ ಬಿದ್ದದ್ದನ್ನು ಅಭಿನಯಿಸುವುದರಲ್ಲಿ ಮುಳುಗಿದ್ದರು. ಕಾಲೇಜಿನ ಮೊದಲ ದಿನ ಬೆಲ್ಲಿಗೆ ಮುಂಚೆಯೇ ಗೇಟಿನೊಳಗಿದ್ದೆ.

ಆ ಭಾನುವಾರ ದೊಡ್ಡವ್ವನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ನದಿಗಳು ಸೇರುವ ಕಡೆಗೆ ಹೋದೆ. ಹಿಂದಿನಿಂದ ಅವಳ ಮಾತು ಕೇಳಿಸಿತು: “ನಿಂಗೋಸ್ಕರ ಬಿದ್ದೆ ಅನ್ಕೋಬ್ಯಾಡ ಕಣವ್ವ. ನಿನ್ನಷ್ಟಿದ್ದಾಗ್ಲೇ ನಂಗೂ ಆಸೆ. ನಗ್ತಾರೆ ಅಂತ ನಾಳೆ, ನಾಳೆ ಅಂದೆ. ಆಮ್ಯಾಕೆ ಮದ್ವೆ, ಮಕ್ಳು, ಅಸ ಕರ...”

“ಎಂಗಿತ್ತು ದೊಡ್ಡವ್ವ?”

“ತಿಪ್ಪೆ ಬರೋಗಂಟ ಚೆನ್ನಾಗಿತ್ತು.”

ಅವಳು ತೀರಿಕೊಂಡು ವರ್ಷಗಳಾದವು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಊರಿಗೆ ಹೋದಾಗ ಆ ಬಾಗಿಲ ಕಡೆ ನೋಡದೆಯೇ ನಮ್ಮ ಮನೆಯೊಳಗೆ ಹೋಗಿಬಿಡುತ್ತೇನೆ.

ಎಣ್ಣೆ ಬಟ್ಟಲು ಕೆಳಗಿಟ್ಟೆ. ಮಗಳ ಭಾಷಣದ ಹಾಳೆ ಕಿತ್ತುಕೊಂಡು, ಕಿಟಕಿ ತೆರೆದು, ನಡುಮನೆಯಲ್ಲಿ ನಿಂತು, “ಮಾನ್ಯ ಮುಖ್ಯ ಅತಿಥಿಗಳೇ,” ಎಂದು ಒಡಕು ಗಂಟಲಲ್ಲಿ ಶುರುಮಾಡಿದೆ. “ಅಮ್ಮ, ಪಕ್ಕದ್ಮನೆಯವ್ರಿಗೆ ಕೇಳುತ್ತೆ,” ಎಂದು ಮಗಳು ಮುಖ ಮುಚ್ಚಿಕೊಂಡಳು. ಕೇಳಲಿ ಬಿಡು ಎಂದೆ. ಎರಡನೆಯ ಸಾಲಿಗೆ ನಿಜಕ್ಕೂ ತಡವರಿಸಿ ನಿಂತುಬಿಟ್ಟೆ. ಪಕ್ಕದ ಮನೆಯಿಂದ ಯಾರೋ ಕಿಸಕ್ಕೆಂದರು. ಮಗಳಿಗೂ ನಗು ತಡೆಯಲಾಗಲಿಲ್ಲ.

“ಹಾಗಲ್ಲಮ್ಮ, ಕೊಡಿಲ್ಲಿ,” ಎಂದು ಎದ್ದು ನಿಂತಳು.

ಅವಳು ಗಟ್ಟಿಯಾಗಿ ಹೇಳತೊಡಗಿದಳು. ನಾನು ಎಣ್ಣೆ ಬಟ್ಟಲ ಪಕ್ಕದಲ್ಲಿ ಕೂತೆ. ‘ನನಗೂ ತಿಪ್ಪೆ ಬಂತು, ದೊಡ್ಡವ್ವ’ ಎಂದು ಹೇಳಬೇಕೆನಿಸಿತು. ಕೇಳಿ ನಗಲು ಅವಳಿರಲಿಲ್ಲ.